ನಿನ್ನೆ ತಾಳಿದ ಗ್ಲಾಸು ಇಂದೇಕೆ ಒಡೆಯಿತು?

ಚಳಿಗಾಲದ ಮುಂಜಾನೆ ಗಾಜಿನ ಗ್ಲಾಸಿಗೆ ಕುದಿಯುವ ಚಹಾ ಸುರಿದೊಡನೆ ಅದು ‘ಚಟ್’ ಎಂದು ಸೀಳುವುದನ್ನು ನೀವು ನೋಡಿರಬಹುದು. ನಿನ್ನೆಯೂ ಅದೇ ಗ್ಲಾಸು, ಅದೇ ಚಹಾ. ಸೊಸೆಯ ಕೈ ಒರಟೆಂದು ಬೈಯುವ ಮೊದಲು ಗಾಜಿನ ಕಷ್ಟವನ್ನೂ ಸ್ವಲ್ಪ ತಿಳಿದುಕೊಳ್ಳಿ.

ಬಿಸಿಯಾದ ವಸ್ತು ಹಿಗ್ಗುತ್ತದೆ. ಇಡೀ ವಸ್ತು ಒಟ್ಟಿಗೆ ಹಿಗ್ಗಿದರೆ ತೊಂದರೆಯಿಲ್ಲ. ಆದರೆ ಗಾಜಿನಲ್ಲಿ ಶಾಖ ನಿಧಾನವಾಗಿ ಹರಿಯುತ್ತದೆ. ಒಳಮೈ ಹಿಗ್ಗಿದಾಗ ಹೊರಮೈ ಇನ್ನೂ ತಣ್ಣಗೇ ಇರುತ್ತದೆ. ಈ ಎಳೆದಾಟದಲ್ಲಿ ಹೊರಮೈ ಸೀಳುತ್ತದೆ. ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುವುದನ್ನು ನೆನಪಿಸಿಕೊಳ್ಳಿ. ಮೇಲ್ಮಣ್ಣು ಒಣಗಿ ಕುಗ್ಗುತ್ತದೆ, ಕೆಳಗಿನದು ಹಸಿಯಾಗಿಯೇ ಇರುತ್ತದೆ. ಅಲ್ಲಿ ಕಾರಣ ತೇವ, ಇಲ್ಲಿ ಶಾಖ. ಎಳೆದಾಟ ಮಾತ್ರ ಒಂದೇ ಬಗೆಯದು. ದಪ್ಪ ಗ್ಲಾಸು ಹೆಚ್ಚು ತಾಳುತ್ತದೆಂದು ಅನೇಕರ ನಂಬಿಕೆ. ಬಿಸಿಯ ವಿಷಯದಲ್ಲಿ ತೆಳು ಗ್ಲಾಸೇ ವಾಸಿ!

ಹಾಗಾದರೆ ನಿನ್ನೆ ಏಕೆ ಒಡೆಯಲಿಲ್ಲ? ತಿಕ್ಕುವಾಗ ಬಿದ್ದ ಕಣ್ಣಿಗೆ ಕಾಣದ ಗೀರುಗಳು ಇಂಥ ಎಳೆತಕ್ಕೆ ಸಿಕ್ಕಿ ದಿನದಿನಕ್ಕೆ ಬೆಳೆಯುತ್ತವೆ. ಒಂದು ದಿನ ಗ್ಲಾಸು ಸೋಲುತ್ತದೆ. ಬಿಸಿ ಗಾಜಿಗೆ ತಣ್ಣೀರು ತಾಗುವುದಂತೂ ಇನ್ನೂ ಕೆಟ್ಟದ್ದು. ಉರಿಯುವ ಕಂದೀಲಿನ ಗಾಜಿಗೆ ಮಳೆಹನಿ ಬಿದ್ದಾಗ ಆಗುತ್ತಿದ್ದುದು ಅದೇ.

ಅಮೆರಿಕದ ರೈಲ್ವೆ ಕಂದೀಲುಗಳಿಗೂ ಈ ಕಾಟವಿತ್ತು. ಕಾರ್ನಿಂಗ್ ಕಂಪೆನಿ ಅದಕ್ಕಾಗಿ ಕಡಿಮೆ ಹಿಗ್ಗುವ ಗಾಜು ತಯಾರಿಸಿತು. 1913ರಲ್ಲಿ ಅಲ್ಲಿನ ವಿಜ್ಞಾನಿ ಜೆಸ್ಸಿ ಲಿಟಲ್‌ಟನ್‌ರ ಪತ್ನಿ ಬೆಸ್ಸಿ, ಇಂಥ ಗಾಜಿನ ಬ್ಯಾಟರಿ ಜಾಡಿಯ ಕತ್ತರಿಸಿದ ತಳದಲ್ಲಿ ಕೇಕ್ ಬೇಯಿಸಿದರು. 1915ರಲ್ಲಿ ‘ಪೈರೆಕ್ಸ್’ ಪಾತ್ರೆಗಳು ಮಾರುಕಟ್ಟೆಗೆ ಬಂದವು. ಇಂದು ಅಂಗಡಿಯಲ್ಲಿ ಸಿಗುವ ಬೋರೋಸಿಲಿಕೇಟ್ ಗಾಜು ಸಾಧಾರಣ ಗಾಜಿನ ಮೂರನೆಯ ಒಂದು ಭಾಗದಷ್ಟು ಮಾತ್ರ ಹಿಗ್ಗುತ್ತದೆ.

ಸ್ಟೀಲು ಗಾಜಿಗಿಂತ ಹೆಚ್ಚು ಹಿಗ್ಗುತ್ತದೆ. ಆದರೂ ಒಡೆಯುವುದಿಲ್ಲ. ಶಾಖ ಅದರಲ್ಲಿ ಬೇಗ ಹರಡುತ್ತದೆ, ಎಳೆತಕ್ಕೆ ಅದು ತುಸು ಬಾಗಿಕೊಡುತ್ತದೆ. ಮಣ್ಣಿನ ಗಡಿಗೆಯ ಗುಟ್ಟು ಬೇರೆ. ಕುಂಬಾರರು ಜೇಡಿಗೆ ಮರಳು, ಬೂದಿ ಬೆರೆಸುತ್ತಾರೆ. ಸುಟ್ಟ ಗಡಿಗೆಯಲ್ಲಿ ಸಣ್ಣ ರಂಧ್ರಗಳೂ ಉಳಿಯುತ್ತವೆ. ಹುಟ್ಟಿದ ಸೀಳು ಮರಳಿನ ಕಣಕ್ಕೋ ರಂಧ್ರಕ್ಕೋ ತಾಗಿ ಅಲ್ಲೇ ನಿಲ್ಲಬಹುದು.

ಸಾಧಾರಣ ಗ್ಲಾಸಿಗೆ ಚಹಾ ಕೊಡುವುದಾದರೆ ಮೊದಲು ಬೆಚ್ಚನೆಯ ನೀರಾಡಿಸಿ, ಸ್ಟೀಲಿನ ಚಮಚ ಹಾಕಿಟ್ಟು ನಿಧಾನವಾಗಿ ಸುರಿಯಿರಿ. ರೊಟ್ಟಿ ಸುಟ್ಟ ಹಂಚಿಗೆ ಕೂಡಲೇ ನೀರು ಸುರಿಯಬೇಡಿ; ಬೀಡು ಕಬ್ಬಿಣದ್ದು ಸೀಳಬಹುದು, ತಗಡಿನದು ಸೊಟ್ಟಗಾಗಬಹುದು. ಅಂಚು ಮುಕ್ಕಾದ, ಗೆರೆ ಕಂಡ ಗ್ಲಾಸನ್ನು ಬಿಸಿ ಹಾಲಿಗೆ ಬಳಸಲೇಬೇಡಿ. ಅದು ಒಡೆಯುವುದು ಮಗುವಿನ ಕೈಯಲ್ಲೇ ಆಗಬಹುದು.