ಸೆರೆಯಲ್ಲಿರುವವರೂ ಕ್ರೈಸ್ತರ ಕನಿಕರವೂ

ಚಿತ್ರದುರ್ಗದ ಬೆಟ್ಟಗಳ ಮಡಿಲಲ್ಲಿರುವ ಚಂದ್ರವಳ್ಳಿಯನ್ನು ವಾಚಕರು ಮಯೂರಶರ್ಮನ ಶಾಸನದಿಂದ ಬಲ್ಲರು. ಅಲ್ಲಿನ ನೆಲದಲ್ಲಿ ರೋಮಿನ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳೂ ದೊರೆತಿವೆ. ಅವುಗಳಲ್ಲಿ ತಿಬೇರಿಯಸನವು ಉಂಟು. ಈ ತಿಬೇರಿಯಸನ ಆಳ್ವಿಕೆಯಲ್ಲಿಯೇ ದೂರದ ಯೂದಾಯದಲ್ಲಿ ಯೇಸುವನ್ನು ಕಟ್ಟಿ ಎಳೆದೊಯ್ದು, ವಿಚಾರಿಸಿ, ಇಬ್ಬರು ಅಪರಾಧಿಗಳ ನಡುವೆ ಶಿಲುಬೆಗೇರಿಸಿದುದು. ಗುರುವೇ ಶಿಕ್ಷೆಗೊಳಗಾದವನು ಎಂದ ಮೇಲೆ, ಆ ಮತದವರಿಗೆ ಸೆರೆಯಾಳು ಪರಕೀಯನಾಗುವುದು ಹೇಗೆ?

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಕಡೆಯ ತೀರ್ಪಿನ ಚಿತ್ರವಿದೆ. ಹಸಿದವನಿಗೆ ಉಣಿಸಿದವರೂ ಸೆರೆಯಲ್ಲಿದ್ದವನನ್ನು ಕಾಣಹೋದವರೂ ಅದನ್ನು ತನಗೇ ಮಾಡಿದರೆಂದು ಅರಸನು ಹೇಳುತ್ತಾನೆ. ಸೆರೆಯವನು ನಿರಪರಾಧಿಯೋ ಅಲ್ಲವೋ ಎಂಬ ಮಾತೇ ಅಲ್ಲಿ ಬರುವುದಿಲ್ಲ. ಇದನ್ನು ಗಮನಿಸಬೇಕು. (ನಮ್ಮ ‘ಸೆರೆ’ ಅಚ್ಚಗನ್ನಡದ ಮಾತು, ‘ಕೈದಿ’ ಅರಬ್ಬಿಯಿಂದ ಬಂದುದು, ಎರಡರಲ್ಲಿಯೂ ಕಟ್ಟುಂಟು, ಪಾಪದ ಸುಳಿವಿಲ್ಲ.)

ಕಾಣಹೋಗುವುದೆಂದರೆ ಬರಿಯ ಕುಶಲಪ್ರಶ್ನೆಯಲ್ಲ. ಆ ಕಾಲದ ಬಂದೀಖಾನೆಗಳಲ್ಲಿ ಕೈದಿಗೆ ಊಟವನ್ನು ಹೆಚ್ಚಾಗಿ ಬಂಧುಬಳಗದವರೇ ಒದಗಿಸಬೇಕಾಗಿತ್ತು. ಯಾರೂ ಬಾರದಿದ್ದರೆ ಉಪವಾಸವೇ ಗತಿ. ಎರಡನೆಯ ಶತಮಾನದ ಲೂಸಿಯನ್ ಎಂಬ ವಿಡಂಬಕನು ಕ್ರೈಸ್ತರನ್ನು ಗೇಲಿ ಮಾಡುತ್ತ, ಅವರ ಮುದುಕಿಯರೂ ಅನಾಥ ಮಕ್ಕಳೂ ಬೆಳಗಿನಿಂದಲೇ ಸೆರೆಮನೆಯ ಬಾಗಿಲಲ್ಲಿ ಕಾದಿರುತ್ತಾರೆ, ಹಿರಿಯರು ಕಾವಲುಗಾರರಿಗೆ ಲಂಚ ಕೊಟ್ಟು ಒಳಗೇ ಮಲಗುತ್ತಾರೆ ಎಂದು ಬರೆದಿದ್ದಾನೆ. ಲಂಚ ಒಳ್ಳೆಯದೆಂದು ನಾನು ಹೇಳುವುದಿಲ್ಲ! ಹಾಸ್ಯಗಾರನು ಹೇಳಿದ ಸಾಕ್ಷ್ಯವಾದುದರಿಂದ ಅದಕ್ಕೆ ಬೆಲೆ ಹೆಚ್ಚು.

ನಮ್ಮ ಕಾಲಕ್ಕೆ ಬರೋಣ. 1981ರಲ್ಲಿ ಕೇರಳದ ಕೋಟ್ಟಯಂನ ಗುರುಮಠದ ವಿದ್ಯಾರ್ಥಿಗಳಿಂದ ಮೊದಲಾದ ‘ಪ್ರಿಸನ್ ಮಿನಿಸ್ಟ್ರಿ ಇಂಡಿಯಾ’ ಎಂಬ ಸೇವಾಸಂಘಕ್ಕೆ ಇಂದು ಬೆಂಗಳೂರೇ ಕೇಂದ್ರ. ಕೈದಿಗಳ ಭೇಟಿ, ಬಿಡುಗಡೆಯಾದವರಿಗೆ ಆಸರೆ, ಅವರ ಮಕ್ಕಳ ವಿದ್ಯಾಭ್ಯಾಸ ಇದರ ಕೆಲಸ. ಇದರ ಪಾಲಕಸಂತನಾದ ಮ್ಯಾಕ್ಸಿಮಿಲಿಯನ್ ಕೋಲ್ಬೆ 1941ರಲ್ಲಿ ಆಶ್ವಿಟ್ಸ್ ಶಿಬಿರದಲ್ಲಿ, ಮಕ್ಕಳೊಂದಿಗನಾದ ಮತ್ತೊಬ್ಬ ಸೆರೆಯಾಳಿನ ಬದಲಿಗೆ ತಾನೇ ಸಾವಿಗೆ ಮುಂದಾದವನು.

‘ಹಾಗಾದರೆ ನೊಂದವರ ಗತಿಯೇನು?’ ಎಂದು ನೀವು ಕೇಳಬಹುದು, ಕೇಳಲೇಬೇಕು. 1995ರಲ್ಲಿ ಇಂದೂರಿನ ಬಳಿ ರಾಣಿ ಮರಿಯಾ ಎಂಬ ಸನ್ಯಾಸಿನಿಯ ಕೊಲೆಯಾಯಿತು. ಆಕೆಯ ತಂಗಿ ಸೆಲ್ಮಿ ಪೌಲ್ ಸೆರೆಮನೆಗೇ ಹೋಗಿ ಕೊಂದವನ ಕೈಗೆ ರಾಖಿ ಕಟ್ಟಿದರು. ಮನೆಯವರೂ ಕ್ಷಮಿಸಿದರು, 2006ರಲ್ಲಿ ಆತನ ಬಿಡುಗಡೆಯಾಯಿತು. ಇಂಥ ಕ್ಷಮೆಯನ್ನು ಎಲ್ಲರಿಂದಲೂ ಕೇಳುವ ಹಕ್ಕು ಯಾರಿಗೂ ಇಲ್ಲವೆಂದು ನನ್ನ ಎಣಿಕೆ.

ಆದರೆ ನಮ್ಮ ದೇಶದ ಸೆರೆಮನೆಗಳಲ್ಲಿರುವವರ ಪೈಕಿ ಸುಮಾರು ಮುಕ್ಕಾಲು ಪಾಲು ಮಂದಿ ಇನ್ನೂ ವಿಚಾರಣೆ ಮುಗಿಯದವರು. ಜಾಮೀನು ದೊರೆತರೂ ಹೊಣೆ ನಿಲ್ಲುವವರಿಲ್ಲದೆ ಒಳಗೇ ಉಳಿದವರುಂಟು. ಇಂಥವರಿಗೆ ಹಣ್ಣುಹಂಪಲು ಕೊಟ್ಟು ಬಂದರೆ ಸಾಲದು. ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಅಧಿನಿಯಮದಂತೆ ಉಚಿತವಾಗಿ ವಕೀಲರು ದೊರೆಯುತ್ತಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಸಾಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲವನ್ನು, ಮೊದಲ ಸಲದ ಆರೋಪಿಯಾದರೆ ಮೂರನೆಯ ಒಂದರಷ್ಟನ್ನು, ಒಳಗೆ ಕಳೆದವರ ಬಿಡುಗಡೆಗೆ ದಾರಿ ಮಾಡಿದೆ. ಮರಣದಂಡನೆ, ಜೀವಾವಧಿಗೆ ಅರ್ಹವಾದ ಅಪರಾಧಗಳಿಗೂ ಹಲವು ಮೊಕದ್ದಮೆಗಳು ಬಾಕಿಯಿರುವವರಿಗೂ ಅದು ಅನ್ವಯಿಸದು. ಅವಧಿ ತುಂಬಿದೊಡನೆ ನ್ಯಾಯಾಲಯಕ್ಕೆ ಅರ್ಜಿ ಬರೆಯಬೇಕಾದವರು ಸೆರೆಮನೆಯ ಅಧೀಕ್ಷಕರು. ದಿನ ಎಣಿಸಿ ಅವರಿಗೆ ನೆನಪಿಸುವುದನ್ನು ಭೇಟಿಗೆ ಹೋದ ಯಾರಾದರೂ ಮಾಡಬಹುದು.