ಭಾವಚಿತ್ರಕ್ಕೆ ಎಷ್ಟು ಬೆಳಕು ಬೇಕು?

ಕಳೆದ ವರ್ಷ ನಮ್ಮ ಷಷ್ಟ್ಯಬ್ದಿಪೂರ್ತಿಯ ದಿನ ಮನೆಮಂದಿಯೆಲ್ಲ ಕಲೆತು ಸಮೀಪದ ಪಟ್ಟಣದ ಒಂದು ಸ್ಟುಡಿಯೋದಲ್ಲಿ ಭಾವಚಿತ್ರವನ್ನು ತೆಗೆಯಿಸಿದೆವು. ಮುಂದೆ ಮಕ್ಕಳು, ನಡುವೆ ಕುರ್ಚಿಗಳಲ್ಲಿ ಹಿರಿಯರು, ಹಿಂದೆ ನಿಂತವರು. ಹೀಗೆ ಮೂರು ಸಾಲು. ನಮ್ಮ ಅಣ್ಣನವರಿಗೆ ಕುರ್ಚಿಯನ್ನು ತೋರಿಸಿದರೆ, “ಇಂದು ನಿನ್ನ ದಿನ, ನಾನು ಹಿಂದೆ ನಿಲ್ಲುವೆನು” ಎಂದು ನಕ್ಕು ಹಿಂದಕ್ಕೆ ನಡೆದರು. ಚಿತ್ರವು ಕೈಗೆ ಬಂದಾಗ ಮಕ್ಕಳ ಮುಖಗಳು ಸ್ಫುಟವಾಗಿದ್ದುವು. ಹಿಂದಿನ ಸಾಲು ಮಾತ್ರ ಮಂಜಿನೊಳಗೆ ನಿಂತಂತಿತ್ತು. ಮೂರು ತಿಂಗಳೊಳಗೆ ಅಣ್ಣನವರು ತೀರಿಕೊಂಡರು. ಅವರ ಕಡೆಯ ಚಿತ್ರ ಅದೇ.

ಈಗ ನಮ್ಮ ಕಿರಿಯ ಮಗನು ತಾನೇ ಒಂದು ಸ್ಟುಡಿಯೋವನ್ನು ತೆರೆಯಲು ಹೊರಟಿರುವನು. ದೊಡ್ಡ ಸಾಫ್ಟ್‌ಬಾಕ್ಸಿಗೆ ಎಷ್ಟು ಶಕ್ತಿಯ ಫ್ಲಾಷನ್ನು ಕೊಳ್ಳಬೇಕೆಂಬ ಪ್ರಶ್ನೆ ಹುಟ್ಟಿತು. ಜೀವಮಾನವೆಲ್ಲ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಾವು ಅವನಿಂದಲೇ ಪಾಠವನ್ನು ಹೇಳಿಸಿಕೊಂಡೆವು.

ಸಾಫ್ಟ್‌ಬಾಕ್ಸೆಂದರೆ ಬಿಳಿಯ ಬಟ್ಟೆಯ ಮುಖವುಳ್ಳ ಗೂಡು. ಸೂರ್ಯನು ಎಷ್ಟೇ ದೊಡ್ಡವನಾದರೂ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ನಮಗೆ ಚಿಕ್ಕವನಾಗಿ ತೋರುವನು; ಅದು ಕಾರಣ ಬಿಸಿಲಿನ ನೆರಳು ಕಠಿನ. ಮೋಡ ಕವಿದರೆ ಆಕಾಶವೇ ದೀಪವಾಗಿ ನೆರಳು ಮೃದುವಾಗುವುದು. ಗೂಡು ಮಾಡುವ ಕೆಲಸವೂ ಇದೇ. ಆದರೆ ಈ ಮಾರ್ದವಕ್ಕೆ ಸುಂಕವನ್ನು ತೆರಬೇಕು: ಒಳಗೊಂದು ಹೊರಗೊಂದು ಬಟ್ಟೆಯ ಪದರಗಳು ಬೆಳಕಿನ ಅರ್ಧವನ್ನೋ ಮುಕ್ಕಾಲನ್ನೋ ನುಂಗುವುವು.

ಗೂಡನ್ನು ಹತ್ತಿರಕ್ಕೆ ಎಳೆದರೆ ಸಾಲದೇ ಎಂದು ಕೇಳಿದೆವು. ಒಬ್ಬರ ಚಿತ್ರಕ್ಕೆ ಸಾಕು, ಗುಂಪಿಗೆ ಸಲ್ಲದು. ದೂರದ ವರ್ಗಕ್ಕನುಸಾರವಾಗಿ ಬೆಳಕು ಕುಗ್ಗುವುದಷ್ಟೆ? ಮುಂದಿನ ಸಾಲು 2 ಮೀಟರಿನಲ್ಲಿ, ಹಿಂದಿನದು 3 ಮೀಟರಿನಲ್ಲಿ ಇದ್ದರೆ, ಹಿಂದಿನವರಿಗೆ ದೊರೆಯುವುದು ಮುಂದಿನವರ ಪಾಲಿನ ಅರ್ಧಕ್ಕಿಂತಲೂ ಕಡಮೆ. ಆದುದರಿಂದ ಗುಂಪಿಗೆ ಗೂಡು ದೂರವೇ ಇರಬೇಕು. ದೂರವಿದ್ದರೆ ಶಕ್ತಿ ಹೆಚ್ಚು ಬೇಕು.

ಫ್ಲಾಷಿನ ಶಕ್ತಿಯನ್ನು ವಾಟ್-ಸೆಕೆಂಡಿನಲ್ಲಿ, ಅಂದರೆ ಜೌಲಿನಲ್ಲಿ ಹೇಳುವರು. ಮಗನು 200 ಜೌಲಿನ ಫ್ಲಾಷೊಂದನ್ನು ಎರವಲು ತಂದು, 150 ಸೆಂಟಿಮೀಟರಿನ ಗೂಡಿನಲ್ಲಿರಿಸಿ, 3 ಮೀಟರ್ ದೂರದಲ್ಲಿ ಅಳೆದನು. ಐಎಸ್‌ಓ 100ರಲ್ಲಿ ಎಫ್ 5.6 ಬಂದಿತು. ಮೂರು ಸಾಲೂ ಸ್ಫುಟವಾಗಬೇಕಾದರೆ ಮಸೂರದ ರಂಧ್ರವನ್ನು ಎಫ್ 11ಕ್ಕೆ ಕಿರಿದುಮಾಡುವುದು ಕ್ಷೇಮ. 5.6ರಿಂದ 8, 8ರಿಂದ 11; ಒಂದೊಂದು ಮೆಟ್ಟಿಲಿಗೂ ಶಕ್ತಿ ಇಮ್ಮಡಿಯಾಗಬೇಕು. 200 ಹೋಗಿ 400, 400 ಹೋಗಿ 800! ಐಎಸ್‌ಓವನ್ನು 200ಕ್ಕೆ ಏರಿಸಿದರೆ ಮತ್ತೆ 400 ಸಾಕು. ಈಗಿನ ಕ್ಯಾಮೆರಾಗಳಲ್ಲಿ ಅದರಿಂದ ಚಿತ್ರ ಕೆಡುವುದಿಲ್ಲ. ಆದರೆ ಪ್ರತಿ ಸಲವೂ ಪೂರ್ಣಶಕ್ತಿಯನ್ನು ಸುರಿದರೆ ಫ್ಲಾಷು ಕಾಯುವುದು, ಮರಳಿ ತುಂಬಿಕೊಳ್ಳಲು ತಡಮಾಡುವುದು. ಅಷ್ಟರಲ್ಲಿ ಮಕ್ಕಳು ಎದ್ದೋಡುವರು. ಆದುದರಿಂದ 600 ಜೌಲಿನದು ತಕ್ಕುದೆಂದು ಗೊತ್ತಾಯಿತು.

ಅಂದಿನ ದೋಷವೂ ನಮಗೆ ಆಗಲೇ ತಿಳಿಯಿತು. ಗೂಡು ದೊಡ್ಡದು, ಒಳಗಿನ ಫ್ಲಾಷು ದುರ್ಬಲ. ಬೆಳಕು ಸಾಲದೆ ರಂಧ್ರವನ್ನು ಅಗಲಮಾಡಿರಬೇಕು. ಅಗಲಮಾಡಿದಷ್ಟೂ ಸ್ಫುಟತೆಯ ಆಳ ಕಡಮೆ.

ಹಾಗೆಂದು ಶಕ್ತಿ ಹೆಚ್ಚಿದಷ್ಟೂ ಲೇಸೆನ್ನಲಾಗದು. ಒಬ್ಬ ವೃದ್ಧೆಯ ಮುಖವನ್ನು 1.5 ಮೀಟರಿನಿಂದ ಎಫ್ 2.8ರಲ್ಲಿ, ಹಿನ್ನೆಲೆ ಮಸುಕಾಗುವಂತೆ ತೆಗೆಯಬೇಕೆನ್ನೋಣ. ಅದೇ ಲೆಕ್ಕದಿಂದ ಐಎಸ್‌ಓ 100ರಲ್ಲಿ ಹೆಚ್ಚುಕಡಮೆ 12 ಜೌಲೇ ಸಾಕು. 600ರ ಫ್ಲಾಷು 32ರಲ್ಲೊಂದು ಪಾಲಿಗೆ ಮಾತ್ರ ಇಳಿಯುವುದಾದರೆ ಸುಮಾರು 19 ಉಳಿದು ಬೆಳಕು ಮಿಕ್ಕುವುದು. 64ರಲ್ಲೊಂದಕ್ಕೆ ಇಳಿದರೆ ಸುಮಾರು 9. ಆದಕಾರಣ ಕೊಳ್ಳುವವರು ಎಷ್ಟು ಏರುವುದೆಂಬುದನ್ನಲ್ಲದೆ ಎಷ್ಟು ಇಳಿಯುವುದೆಂಬುದನ್ನೂ ವಿಚಾರಿಸತಕ್ಕದ್ದು.

ಸ್ಟುಡಿಯೋವನ್ನು ತೆರೆಯದ ವಾಚಕರಿಗೆ ನಮ್ಮದೊಂದೇ ಬಿನ್ನಹ. ಮನೆಮಂದಿಯೊಡನೆ ಚಿತ್ರವನ್ನು ತೆಗೆಯಿಸಿದಾಗ, ಅಲ್ಲಿಂದ ಏಳುವ ಮೊದಲು ಹಿಂದಿನ ಸಾಲಿನ ಮುಖಗಳನ್ನು ಪರದೆಯ ಮೇಲೆ ಹಿಗ್ಗಿಸಿ ತೋರಿಸಬೇಕೆಂದು ಕೇಳಿರಿ. ಅಂದು ನಾವು ಕೇಳಲಿಲ್ಲ.