ಕಬ್ಬಿನ ರಕ್ಷಣೆಗಾಗಿ ಅಕ್ಕಿಪತಂಗದ ಸಾಕಣೆ

ಓತಿ, ಹಲ್ಲಿಗಳನ್ನು ಸಾಕುವವರು ಅವುಗಳ ಆಹಾರಕ್ಕೆಂದು ಜಿರಲೆಗಳನ್ನು ಮನೆಯಲ್ಲಿಯೇ ಬೆಳೆಸುವುದುಂಟು. ಒಂದು ಜೀವಿಯ ಉಣಿಸಿಗಾಗಿ ಇನ್ನೊಂದನ್ನು ಸಾಕುವ ಈ ಕ್ರಮವು ನಮ್ಮ ಕೃಷಿಗೂ ಅಪರಿಚಿತವಲ್ಲ. ಅದನ್ನು ನಾವಿಲ್ಲಿ ವಿವರಿಸುತ್ತೇವೆ.

ಸಂತೆಬಾಚಹಳ್ಳಿಯನ್ನೊಳಗೊಂಡ ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಮುಖ್ಯವಾದ ಬೆಳೆ. ಅದರ ಎಳೆಯ ಸುಳಿಯನ್ನು ಕೊರೆಯುವ ಹುಳುವಿನ ಹತೋಟಿಗೆ ಟ್ರೈಕೊಗ್ರಾಮವೆಂಬ ಕಣಜದ ಹುಳುವನ್ನು ಬಳಸುತ್ತಾರೆ. ಒಂದು ಮಿಲಿಮೀಟರಿಗಿಂತಲೂ ಚಿಕ್ಕದಾದ ಇದು ಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಡುತ್ತದೆ; ಮರಿಯು ಒಳಗಿನ ಸಾರವನ್ನುಂಡು ಬೆಳೆಯುತ್ತದೆ.

ಇದನ್ನು ವಿಪುಲವಾಗಿ ಬೆಳೆಸಲು ಅಕ್ಕಿಪತಂಗದ ಮೊಟ್ಟೆಗಳು ಬೇಕು. ಪೆಟ್ಟಿಗೆಯೊಂದರಲ್ಲಿ ಸುಮಾರು 2.5 ಕಿಲೋಗ್ರಾಂ ನುಚ್ಚುಜೋಳವನ್ನಿಟ್ಟು, ನುಸಿ ತಗುಲದಂತೆ ಸ್ವಲ್ಪ ಗಂಧಕವನ್ನು ಬೆರೆಸಿ, ಅರ್ಧ ಘನ ಸೆಂಟಿಮೀಟರಿನಷ್ಟು ಮೊಟ್ಟೆಗಳನ್ನು ಉದುರಿಸಿ ಬಟ್ಟೆ ಮುಚ್ಚುತ್ತಾರೆ. ಸುಮಾರು 40 ದಿನಗಳ ತರುವಾಯ ಪತಂಗಗಳು ಹೊರಬರತೊಡಗುತ್ತವೆ. ಅವು ಇಟ್ಟ ಮೊಟ್ಟೆಗಳನ್ನು ಗೋಂದಿನಿಂದ ಕಾಗದಕ್ಕೆ ಅಂಟಿಸಿ, ನೇರಳಾತೀತ ಕಿರಣಗಳಿಗೆ ಒಡ್ಡಿ, ಬಳಿಕ ಟ್ರೈಕೊಗ್ರಾಮಕ್ಕೆ ಒಪ್ಪಿಸುತ್ತಾರೆ.

ಕಿರಣಗಳಿಂದ ಮೊಟ್ಟೆಯೊಳಗಿನ ಭ್ರೂಣವು ಸಾಯುತ್ತದೆ. ಆದರೆ ಮೊಟ್ಟೆ ಆಹಾರವಾಗಿ ಉಳಿಯುತ್ತದೆ. ಈ ಹಂತವನ್ನು ಬಿಟ್ಟರೆ ಟ್ರೈಕೊಗ್ರಾಮ ಮುಟ್ಟದ ಮೊಟ್ಟೆಗಳಿಂದ ಹುಳುಗಳು ಹೊರಟು ಉಳಿದವನ್ನು ತಿಂದುಹಾಕುತ್ತವೆ. ತಪ್ಪಿಸಿಕೊಂಡವು ದಾಸ್ತಾನಿನ ಧಾನ್ಯಕ್ಕೆ ಪಿಡುಗಾಗುತ್ತವೆ.

ಗದ್ದೆಯಲ್ಲಿ ಕಾಲವೇ ಪ್ರಧಾನ. ಕೊರಕವು ಸುಳಿಯನ್ನು ಹೊಕ್ಕಮೇಲೆ ಟ್ರೈಕೊಗ್ರಾಮದಿಂದ ಪ್ರಯೋಜನವಿಲ್ಲ. ಅದನ್ನು ಬಿಟ್ಟೊಡನೆ ಕೀಟನಾಶಕವನ್ನು ಸಿಂಪಡಿಸಿದರೆ ಶ್ರಮವೆಲ್ಲ ವ್ಯರ್ಥ. ಪಿಡುಗನ್ನು ಉಪಕಾರಕ್ಕೆ ಸಾಕುವವರು ಅದರ ಜೀವನಚಕ್ರವನ್ನು ದಿನಗಳ ಲೆಕ್ಕದಲ್ಲಿ ತಿಳಿದಿರಬೇಕೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.